ಗಂಟೆ ಹೊಡೆದ ಮೇಲೆ

"ಗ್ರೇಡ್ ಮೂರು, ಮುಂದಿನವರು ಬನ್ನಿ," ಎಂದು ಬಾಗಿಲಲ್ಲಿ ನಿಂತಿದ್ದ ಗುಮಾಸ್ತ ಕೂಗಿ, ಬೆಂಚಿನಿಂದ ಎದ್ದ ಅತ್ತೆಯನ್ನು ಮೇಲಿಂದ ಕೆಳಗೆ ನೋಡಿದ. "ಮಗು ಎಲ್ಲಮ್ಮಾ?"

"ನಾನೇ ಮಗು," ಎಂದರು ಅತ್ತೆ. ಪಿಯಾನೋ ಪುಸ್ತಕವನ್ನು ಕಂಕುಳಲ್ಲಿ ಇರುಕಿಕೊಂಡು, ಹಿಂದೆ ತಿರುಗಿ ಕೂಡ ನೋಡದೆ ಒಳಗೆ ನಡೆದರು. ಬಾಗಿಲು ಮುಚ್ಚಿತು. ಕಲಿಸಿದವರಿಗೆ ಪರೀಕ್ಷೆಯ ಕೋಣೆಯೊಳಗೆ ಪ್ರವೇಶವಿಲ್ಲ. ಹಾಗಾಗಿ ಕಲಿಸಿದ ಸೊಸೆ ಹೊರಗೆ, ಮಕ್ಕಳನ್ನು ಕರೆತಂದ ತಾಯಂದಿರ ನಡುವೆ, ಜೀವ ಕೈಯಲ್ಲಿ ಹಿಡಿದು ಕುಳಿತಳು.

"ನಿಮ್ಮಮ್ಮನಾ?" ಪಕ್ಕದಲ್ಲಿದ್ದಾಕೆ ಪಿಸುಗುಟ್ಟಿದಳು.

"ಅಲ್ಲ, ಅತ್ತೆ. ಕಲಿಸೋಳು ನಾನೇ."

"ಅತ್ತೆಗೆ ನೀವು ಪಾಠ ಹೇಳೋದಾ! ತಪ್ಪು ಮಾಡಿದ್ರೆ ಗದರಬಹುದಾ? ಪುಣ್ಯ ಮಾಡಿದ್ರಿ ಕಣ್ರೀ."

ಸೊಸೆಗೆ ನಗು ಬರಲಿಲ್ಲ. ಅವಳ ಹೆದರಿಕೆ ಅತ್ತೆಯ ಬಗ್ಗೆ ಅಲ್ಲ, ಅತ್ತೆಯ ಎಡಗೈ ಬಗ್ಗೆ. ನಿವೃತ್ತಿಯಾಗುವ ತನಕ ಅತ್ತೆ ಕೋರ್ಟಿನಲ್ಲಿ ಟೈಪಿಸ್ಟ್ ಆಗಿದ್ದವರು. ಟೈಪ್‌ರೈಟರಿನಲ್ಲಿ ಸಾಲು ಮುಗಿಯುತ್ತ ಬಂದಾಗ ಟಿಣ್ ಎಂದು ಗಂಟೆ ಹೊಡೆಯುತ್ತದೆ. ಆಮೇಲೆ ಎಡಗೈ ಎದ್ದು ಸರಳನ್ನು ಬಲಕ್ಕೆ ತಳ್ಳಿದರೆ ಹೊಸ ಸಾಲು. ಪಿಯಾನೋ ಮುಂದೆ ಕುಳಿತಾಗ ಬಲಗೈ ಹೇಳಿದ ಮಾತು ಕೇಳಿತು, ಈ ಎಡಗೈ ಮಾತ್ರ ಹಳೇ ನೌಕರಿ ಬಿಡಲಿಲ್ಲ. ಮೇಲಿನ ಸ್ವರವೊಂದು ಟಿಣ್ ಎಂದರೆ ಸಾಕು, ನುಡಿಸುವುದನ್ನು ಅಲ್ಲಿಗೇ ಬಿಟ್ಟು, ಇಲ್ಲದ ಸರಳನ್ನು ಗಾಳಿಯಲ್ಲಿ ತಳ್ಳಿ ಬರುತ್ತಿತ್ತು. ಮೊದಲೆರಡು ಗ್ರೇಡು ಹೇಗೋ ದಾಟಿದ್ದಾಯಿತು. ಕಳೆದ ವರ್ಷ ಮೂರನೆಯದರಲ್ಲಿ, ಪರೀಕ್ಷಕರ ಎದುರಿಗೇ, ಎಡಗೈ ಕೈಕೊಟ್ಟಿತು.

"ಫೇಲಾಗಿದ್ದು ಎಡಗೈ, ನಾನಲ್ಲ," ಎಂದು ಅತ್ತೆ ನಕ್ಕಿದ್ದರು. ಆದರೆ ಮಗ, "ಸಾಕು ಬಿಡಮ್ಮ, ಚಿಕ್ಕ ಮಕ್ಕಳ ಮಧ್ಯೆ ಕೂತು ಯಾಕೆ ನಗೆಪಾಟಲಾಗ್ತೀಯ?" ಎಂದಾಗ ಆ ನಗು ಇಂಗಿಹೋಗಿತ್ತು. ಈ ಸಲವೂ ಹಾಗೇ ಆದರೆ ಇನ್ನು ಪಿಯಾನೋ ಮುಟ್ಟುವುದಿಲ್ಲ ಎಂದು ಇವತ್ತು ಬೆಳಿಗ್ಗೆ ಸೊಸೆಗೆ ಹೇಳಿಯೇ ಹೊರಟಿದ್ದರು. ಅತ್ತೆ ಆಡಿದ ಮಾತು ತಪ್ಪುವವರಲ್ಲ.

ಸೊಸೆ ಮಾಡದ ಉಪಾಯವಿರಲಿಲ್ಲ. ಮಣಿಕಟ್ಟಿಗೆ ಮರಳಿನ ಪುಟ್ಟ ಚೀಲ ಕಟ್ಟಿ ನೋಡಿದ್ದಳು. ಎಡಗೈ ಚೀಲದ ಸಮೇತ ಹೋಗಿ ತಳ್ಳಿ ಬಂದಿತ್ತು. ಕೊನೆಗೊಂದು ದಿನ ಬೇಸತ್ತು ಕೇಳಿದ್ದಳು: "ಅಲ್ಲ ಅತ್ತೆ, ಕೋರ್ಟಲ್ಲೂ ಗಂಟೆ ಹೊಡೆದ ತಕ್ಷಣ ತಳ್ಳಿಬಿಡ್ತಿದ್ರಾ?"

ಅತ್ತೆಗೆ ರೇಗಿತ್ತು. "ತಕ್ಷಣ ತಳ್ಳೋರು ಹೊಸಬರು. ಗಂಟೆ ಹೊಡೆದ ಮೇಲೂ ಒಂದಷ್ಟು ಅಕ್ಷರಕ್ಕೆ ಜಾಗ ಇರುತ್ತೆ. ಹಿಡಿದ ಪದ ಮುಗಿಸಿಯೇ ಕೈ ಎತ್ತಬೇಕು. ಇದಕ್ಕೆ ಎಷ್ಟು ಜನರಿಗೆ ಬೈದಿದೀನಿ ಗೊತ್ತಾ?"

"ಹಾಗಾದ್ರೆ ಈ ಪಾಠ ಪೂರ್ತಿ ಒಂದೇ ಪದ ಅಂದ್ಕೊಳ್ಳಿ. ಈಗ ಮುಗಿಸಿ ನೋಡೋಣ."

ಅತ್ತೆ ಪಾಠವನ್ನು ಮೊದಲಿಂದ ಹಿಡಿದು ಕೊನೆಯವರೆಗೆ ನುಡಿಸಿದ್ದರು. ಆಮೇಲೆ ಮನೆಯಲ್ಲಿ ಎಡಗೈ ಬಾಲ ಬಿಚ್ಚಿರಲಿಲ್ಲ. ಆದರೆ ಮನೆಯೇ ಬೇರೆ, ಪರೀಕ್ಷೆಯೇ ಬೇರೆ.

ಬಾಗಿಲಾಚೆ ಕೊನೆಯ ಪಾಠ ಶುರುವಾಯಿತು. ಸೊಸೆಯ ಬೆರಳುಗಳು ತಮ್ಮಷ್ಟಕ್ಕೆ ತಾವೇ ಮಡಿಲ ಮೇಲೆ ಆಡತೊಡಗಿದವು. ಟಿಣ್ ಎಂದಿತು ಮೊದಲ ಸಾಲಿನ ಮೇಲಿನ ಸ್ವರ. ಅವಳು ಉಸಿರು ಬಿಗಿಹಿಡಿದಳು. ನುಡಿಸಾಣಿಕೆ ನಿಲ್ಲಲಿಲ್ಲ. ಎರಡನೆಯ ಸಾಲು, ಮತ್ತೆ ಟಿಣ್. ನಿಲ್ಲಲಿಲ್ಲ. ಕಳೆದ ಸಲ ಎಡವಿದ ಜಾಗ ಬಂತು, ಎಡಗೈ ಅಲ್ಲೇ ಕಚ್ಚಿಕೊಂಡು ಕುಳಿತಿತು. ಕೊನೆಯ ಸ್ವರ ಪೂರ್ತಿ ಕರಗಿದ ಮೇಲೆ ಸೊಸೆ ಪಕ್ಕದವಳ ತೋಳು ಹಿಡಿದು, "ಕೇಳಿದ್ರಾ? ಅದು ನನ್ನ ಸ್ಟೂಡೆಂಟು!" ಎಂದಳು.

ಅಷ್ಟರಲ್ಲಿ ಒಳಗೆ ದಡಾರನೆ ಏನೋ ಬಿತ್ತು. ಹಿಂದೆಯೇ ಇಬ್ಬರು ನಕ್ಕ ಸದ್ದು.

ಅತ್ತೆ ಹೊರಬಂದರು. ಸೊಸೆ ಓಡಿಹೋಗಿ, "ಏನು ಬಿತ್ತು ಅತ್ತೆ?" ಎಂದಳು.

"ಪುಸ್ತಕ. ಪಾಠ ಮುಗೀತಲ್ಲ, ತಳ್ಳಿದೆ," ಎಂದು ಅತ್ತೆ ಎಡಗೈ ಎತ್ತಿ ತೋರಿಸಿದರು. "ಪಾಪ, ಅಷ್ಟು ಹೊತ್ತು ಸುಮ್ಮನಿತ್ತಲ್ಲ."

ಸೊಸೆ ಆ ಕೈಯನ್ನು ತನ್ನೆರಡೂ ಕೈಗಳಲ್ಲಿ ಹಿಡಿದುಕೊಂಡಳು. ಬೆಂಚಿನಲ್ಲಿದ್ದಾಕೆಗೆ ತಡೆಯಲಾಗಲಿಲ್ಲ. "ತಪ್ಪು ತಿಳೀಬೇಡಿ ಅಮ್ಮಾ, ರಿಟೈರಾಗಿ ಹಾಯಾಗಿರೋದು ಬಿಟ್ಟು ಈ ಮಕ್ಕಳ ಜೊತೆ ಯಾಕೆ ಒದ್ದಾಡ್ತೀರಿ? ಇನ್ನೂ ಐದು ಗ್ರೇಡ್ ಇದೆಯಂತಲ್ಲ!"

ಅತ್ತೆ ಪುಸ್ತಕವನ್ನು ಮತ್ತೆ ಕಂಕುಳಿಗೆ ಸೇರಿಸಿದರು.

"ಗಂಟೆ ಹೊಡೆದಿದ್ದು ನನಗೂ ಕೇಳಿಸಿದೆ ಕಣಮ್ಮಾ," ಎಂದರು. "ಪದ ಇನ್ನೂ ಮುಗಿದಿಲ್ಲ."