ಸವತಿಗೊಂದು ಸೀಟು

ಹಲ್ಲಿನ ಡಾಕ್ಟರು ದರ್ಜಿಯ ವಸಡಿಗೆ ಸೂಜಿ ಚುಚ್ಚಿ, ಬಾಯಿಗೆ ಹತ್ತಿ ತುರುಕಿ, ಇನ್ನೇನು ಡ್ರಿಲ್ ಎತ್ತಿಕೊಳ್ಳಬೇಕು, ಅಷ್ಟರಲ್ಲಿ ಹೊರಗಿನ ಕೋಣೆಯಲ್ಲಿ ಫೋನು ಬಡಿದುಕೊಂಡಿತು. ಎತ್ತಿದವಳು ಅವರ ಹೆಂಡತಿ. ಕ್ಲಿನಿಕ್ಕಿನ ಮೇಜು, ಫೋನು, ರೋಗಿಗಳ ಸರದಿ ಎಲ್ಲ ಅವಳದೇ ದರ್ಬಾರು.

"ಹೌದು, ನಾನೇ ಮಾತಾಡ್ತಿರೋದು... ದೋಣೀಲಾ? ಇಲ್ಲಪ್ಪ, ನನಗೆ ವಾಂತಿ ಗೀಂತಿ ಏನೂ ಆಗಲ್ಲ... ಇಬ್ರೂ ಬರ್ತೀವಿ, ಖಂಡಿತ!"

ಡಾಕ್ಟರ ಕೈ ಗಾಳಿಯಲ್ಲೇ ನಿಂತಿತು. ಬಾಗಿಲಲ್ಲಿ ಹೆಂಡತಿ ಇಣುಕಿದಳು. ಮುಖ ಊರಗಲ ಅರಳಿತ್ತು.

"ಏನ್ರೀ, ದೋಣಿಯೋರ ಫೋನು! ಹಕ್ಕಿ ದ್ವೀಪಕ್ಕೆ ನನಗೂ ಸೀಟು ಮಾಡಿಸಿದ್ದೀರಂತೆ! ಒಂದು ಮಾತು ಬಾಯಿ ಬಿಡಲಿಲ್ಲವಲ್ಲ!"

"ಅದು... ಹಾಗಲ್ಲ... ದೋಣಿ ತುಂಬ ಓಲಾಡುತ್ತಂತೆ ಕಣೇ."

"ತೊಟ್ಟಿಲು ಅಂದ್ಕೊಳ್ತೀನಿ."

"ಅಲ್ಲಿ ಬಿಸಿನೀರು ಇರಲ್ಲ."

"ಇಲ್ಲಿ ಗೀಸರ್ ಕೆಟ್ಟು ಎಷ್ಟು ದಿನ ಆಯ್ತು, ನೆನಪಿದೆಯಾ?"

"ಹಕ್ಕಿ ಎದುರಿಗಿದ್ದಾಗ ಪಿಟ್ಟೆನ್ನೋ ಹಾಗಿಲ್ಲ. ನಿನ್ನ ಕೈಲಿ ಆಗುತ್ತಾ?"

"ಬಾಯಿಗೆ ಹತ್ತಿ ತುರುಕಿ ಕೂರಿಸಿ. ನಿಮಗೇನು ಹೊಸದಾ?" ಎಂದು ನಕ್ಕು ಅವಳು ಹೋದಳು. ಮರುಕ್ಷಣವೇ ತಂಗಿಗೆ ಫೋನು ಮಾಡಿ, ದ್ವೀಪಕ್ಕೆ ಎಂಥ ಬೂಟು ಬೇಕು ಎಂದು ಕೇಳುತ್ತಿದ್ದಳು.

ಡಾಕ್ಟರಿಗೆ ಒಂದು ಅಭ್ಯಾಸ. ಮನಸ್ಸಿನ ಭಾರವನ್ನು ಬಾಯಲ್ಲಿ ಹತ್ತಿ ಇರುವವರ ಮುಂದೆ ಮಾತ್ರ ಇಳಿಸುವುದು. ಎದುರುತ್ತರದ ಭಯವಿಲ್ಲ, ಬುದ್ಧಿಮಾತಿನ ಕಾಟವಿಲ್ಲ. ಅವರು ದರ್ಜಿಯ ಕಿವಿಯ ಹತ್ತಿರ ಬಾಗಿದರು.

"ಟೈಲರ್ ಮಾಸ್ಟ್ರೇ, ಸಿಕ್ಕಿಹಾಕ್ಕೊಂಡೆ ನೋಡಿ. ಆ ಸೀಟು ಅವಳಿಗಲ್ಲ, ನನ್ನ ಕ್ಯಾಮರಾದ ದೊಡ್ಡ ಲೆನ್ಸಿಗೆ. ಆ ಪುಟ್ಟ ದೋಣೀಲಿ ತಲೆಗೊಂದೇ ಚೀಲ, ಅದನ್ನೂ ತೂಗಿ ಬಿಡ್ತಾರೆ. ಲೆನ್ಸಿನ ಪೆಟ್ಟಿಗೇನೇ ಒಂದು ಚೀಲದ ಭಾರ ಇದೆ. ಸಾಮಾನಿಗೆ ಅಂದ್ರೆ ಸೀಟು ಕೊಡಲ್ಲ. ಅದಕ್ಕೇ ಅವಳ ಹೆಸರಲ್ಲಿ ಹಿಡಿದೆ. ಹೊರಡೋ ಹೊತ್ತಿಗೆ 'ಅವಳಿಗೆ ಹುಷಾರಿಲ್ಲ, ಚೀಲ ಮಾತ್ರ ಬಂದಿದೆ' ಅಂದುಬಿಡೋಣ ಅಂತಿದ್ದೆ. ಪೆದ್ದನ ಹಾಗೆ ಕ್ಲಿನಿಕ್ಕಿನ ನಂಬರೇ ಕೊಟ್ಟಿದ್ದೀನಿ."

ದರ್ಜಿ "ಊಂ ಊಂ" ಎಂದ. ಡಾಕ್ಟರು ಅದನ್ನು ಕನಿಕರವೆಂದು ತಿಳಿದರು.

"ಕೆಂಪು ಕೊಕ್ಕಿನ ಕಡಲಹಕ್ಕಿ ಬಂಡೆಯ ತುತ್ತತುದೀಲಿ ಗೂಡು ಕಟ್ಟುತ್ತೆ. ಆ ಲೆನ್ಸಿಲ್ಲದೆ ಹೋದರೆ ಫೋಟೋದಲ್ಲಿ ಹಕ್ಕಿ ಬದಲು ಒಂದು ಚುಕ್ಕೆ ಹಿಡಿದು ತಂದ ಹಾಗೆ. ಆ ದ್ವೀಪದ ಪಾರ್ಕಿನೋರು ಅನುಮತಿ ಕೊಡೋ ಅಷ್ಟರಲ್ಲಿ ನನ್ನ ಕೂದಲು ಬೆಳ್ಳಗಾಯ್ತು. ಈಗ ಅವಳು ಬಂದರೆ ಅವಳ ಚೀಲ ಬರುತ್ತೆ, ಲೆನ್ಸು ಮನೇಲಿ. ಅವಳನ್ನ ಬೇಡ ಅನ್ನೋಣ ಅಂದ್ರೆ, ಆ ಮುಖ ನೋಡಿದಿರಲ್ಲ? ಮದುವೆಯಾದಾಗಿನಿಂದ ಈ ಕ್ಲಿನಿಕ್ ಬಿಟ್ಟು ಇಬ್ಬರೂ ಒಟ್ಟಿಗೆ ಎಲ್ಲೂ ಹೋದವರಲ್ಲ. ನೀವೇ ಹೇಳಿ, ಯಾರನ್ನ ಬಿಡಲಿ?"

ದರ್ಜಿ ಕಣ್ಣರಳಿಸಿ ಕೈ ಝಾಡಿಸಿದ. ಡಾಕ್ಟರು ಹಗುರಾದ ಮನಸ್ಸಿನಿಂದ ಹುಳುಕು ಕೊರೆದು, ಸಿಮೆಂಟು ತುಂಬಿ, ಬಾಯಿ ಮುಕ್ಕಳಿಸಲು ಹೇಳಿದರು. ಹತ್ತಿ ತೆಗೆದ ಮೇಲೆ ಬಾಯಿ ತೆರೆಯುತ್ತದೆ ಎಂಬುದು ಅವರಿಗೆ ಆ ಹೊತ್ತಿಗೆ ಹೊಳೆಯಲಿಲ್ಲ.

ದರ್ಜಿ ನೆಟ್ಟಗೆ ಹೊರಗಿನ ಮೇಜಿಗೆ ಹೋದ. ಅರ್ಧ ಬಾಯಿ ಇನ್ನೂ ಮರಗಟ್ಟಿತ್ತು. "ಅಮ್ಮಾ, ಬೂಟು ತಗೋಬೇಡಿ! ಆ ಹೀಟು ನಿಮಗಲ್ಲ, ಲೆನ್ಹಿಗೆ!" ಎಂದು ಶುರುವಾದವನು ಎಲ್ಲವನ್ನೂ ಒದರಿದ. ಅಷ್ಟು ವರ್ಷ ಆ ಮೇಜಿನ ಹಿಂದೆ ಕೂತವಳಿಗೆ ಮರಗಟ್ಟಿದ ಬಾಯಿಯ ಮಾತು ಬಿಡಿಸಿ ಹೇಳಬೇಕಾಗಿರಲಿಲ್ಲ.

ಅವಳು ಒಳಗೆ ಬಂದು ನಿಂತಳು. ಲೆನ್ಸು ಮನೆಗೆ ಬಂದ ದಿನವೇ ಅವಳು ಅದಕ್ಕೆ ಇಟ್ಟ ಹೆಸರು ಸವತಿ. "ನನ್ನ ಹೆಸರಲ್ಲಿ ಸವತಿಗೆ ಸೀಟು!" ಎಂದಳು, ಅಷ್ಟೇ. ದಡದಡ ಮೆಟ್ಟಿಲು ಹತ್ತಿ ಮನೆಗೆ ಹೋದಳು. ಮೇಲೆ ಬೀರುವಿನ ಬಾಗಿಲು ಧಡಾರೆಂದಿತು. ತಮಗೂ ಒಂದು ಸೂಜಿ ಚುಚ್ಚಿಕೊಳ್ಳುವುದೇ ವಾಸಿ ಎನಿಸಿತು ಡಾಕ್ಟರಿಗೆ.

ಕ್ಲಿನಿಕ್ ಮುಚ್ಚಿ, ಹೆಜ್ಜೆ ಸಪ್ಪಳವಾಗದಂತೆ ಮೇಲೆ ಹೋದರೆ, ಮಲಗುವ ಕೋಣೆಯ ನಡುವೆ ತೂಕದ ಯಂತ್ರ. ಅದರ ಮೇಲೆ ಅವಳ ಚೀಲ. ಚೀಲದೊಳಗೆ ಹೇಳಿ ಹೊಲಿಸಿದ ಹಾಗೆ ಕೂತಿತ್ತು ಲೆನ್ಸಿನ ಪೆಟ್ಟಿಗೆ. ಪಕ್ಕದಲ್ಲಿ ಹೆಂಡತಿ. ಅಂಗಿಯ ಮೇಲೆ ಅಂಗಿ, ಸ್ವೆಟರಿನ ಮೇಲೆ ಸ್ವೆಟರು, ಎಲ್ಲದರ ಮೇಲೆ ಡಾಕ್ಟರ ಮಳೆಕೋಟು. ಕೈಗಳು ಕೆಳಗಿಳಿಯಲಾರದೆ, ರೆಕ್ಕೆ ಒಣಗಿಸಲು ನಿಂತ ನೀರುಕಾಗೆಯ ಹಾಗೆ ಕಾಣುತ್ತಿದ್ದಳು.

"ಅವರು ತೂಗೋದು ಚೀಲಾನ ತಾನೇ? ಹೆಂಡತೀನ ಅಲ್ಲವಲ್ಲ?"

"ಅ... ಅಲ್ಲ."

"ಮತ್ತೆ? ಸವತಿ ನನ್ನ ಚೀಲದಲ್ಲಿ ಬರಲಿ, ನನ್ನ ಬಟ್ಟೆ ನನ್ನ ಮೈಮೇಲೆ ಬರುತ್ತೆ. ಯಾರನ್ನ ಬಿಡಲಿ ಅಂತ ಊರ ಟೈಲರನ್ನೆಲ್ಲ ಕೇಳ್ತೀರಿ. ನನ್ನ ಕೇಳಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?"

ಡಾಕ್ಟರಿಗೆ ನಗು ತಡೆಯಲಾಗಲಿಲ್ಲ. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಅದರಲ್ಲಿ ಎಲ್ಲವೂ ನಗುವಿನದಲ್ಲ. "ಅಲ್ಲಾಡಬೇಡ ಕಣೇ, ಹಾಗೇ ನಿಂತಿರು! ಮೊದಲ ಫೋಟೋ ನಿನ್ನದೇ," ಎಂದು ಚೀಲಕ್ಕೆ ಕೈಹಾಕಿ ಲೆನ್ಸು ತೆಗೆದು ಕ್ಯಾಮರಾಕ್ಕೆ ಕೂರಿಸಿದರು.

ದೂರದ್ದನ್ನು ಮಾತ್ರ ಹಿಡಿಯುವ ಲೆನ್ಸು ಅದು. ಕಣ್ಣಿಟ್ಟು ನೋಡಿದರೆ ಬರೀ ಬಣ್ಣದ ಮಂಜು. ಗೋಡೆಗೆ ಬೆನ್ನು ತಾಗುವಷ್ಟು ಹಿಂದೆ ಸರಿದರು, ಮಂಜೇ. ಬಾಗಿಲು ದಾಟಿ ಹಜಾರಕ್ಕೆ ಬಂದರು. ಮೆಟ್ಟಿಲ ಅಂಚನ್ನು ಹಿಮ್ಮಡಿಯಿಂದ ತಡಕುತ್ತ ಒಂದು ಮೆಟ್ಟಿಲು ಇಳಿದರು.

"ಫೋಟೋದಲ್ಲಿ ಬಂದೆನಾ?" ಒಳಗಿಂದ ಕೂಗಿದಳು.

"ಇನ್ನೂ ಇಲ್ಲ ಕಣೇ," ಎಂದರು ಡಾಕ್ಟರು. "ನೀನು ತುಂಬ ಹತ್ತಿರ ಇದ್ದೀಯ."