ಖಾಲಿ ಆಕಾಶ

ಸೂರ್ಯ ಮುಳುಗುವ ಹೊತ್ತಿಗೆ ತಟ್ಟೆಯಾಕಾರದ ಹಸಿರು ಬೆಳಕೊಂದು ಪ್ರಯಾಣಿಕರ ವಿಮಾನದ ಎದುರಿಗೆ ಬಂದು ನಿಂತಿತು. ವಿಮಾನವನ್ನು ಒಂದು ಸುತ್ತು ಹಾಕಿ, ನೇರವಾಗಿ ಮೇಲಕ್ಕೇರಿ ಮಾಯವಾಯಿತು.

"ಸರ್, ಕಂಟ್ರೋಲ್‌ಗೆ ಹೇಳಿಬಿಡ್ಲಾ?" ಎಂದಳು ಸಹಪೈಲಟ್.

"ಸುಮ್ನಿರಮ್ಮ," ಎಂದರು ಕ್ಯಾಪ್ಟನ್ ನಾಣಯ್ಯ. "ಹೋದ ವರ್ಷ ಒಬ್ಬ ಪೈಲಟ್ ಹೀಗೇ ಹೇಳಿದ. ತಲೆ ಕೆಟ್ಟಿದೆಯಾ ನೋಡಿ ಅಂತ ಡಾಕ್ಟರ ಹತ್ರ ಕಳಿಸಿದ್ರು. ಅವನ ಲೈಸೆನ್ಸ್ ಇನ್ನೂ ವಾಪಸ್ ಬಂದಿಲ್ಲ. ನಂಗೆ ಹಾರೋದು ಬಿಟ್ರೆ ಬೇರೆ ಕೆಲಸ ಗೊತ್ತಿಲ್ಲ."

ವಿಮಾನ ಇಳಿದ ಮೇಲೆ ಸುರಕ್ಷತಾ ಅಧಿಕಾರಿ ಇಬ್ಬರನ್ನೂ ತಮ್ಮ ಕೋಣೆಗೆ ಕರೆಸಿದರು.

"ದಾರೀಲಿ ಏನಾದ್ರೂ ಕಾಣಿಸ್ತಾ, ಕ್ಯಾಪ್ಟನ್?"

"ಏನೂ ಇಲ್ಲ ಸರ್. ಆಕಾಶ ಪೂರ್ತಿ ಖಾಲಿ."

"ಹಸಿರು ಬೆಳಕು?"

"ನನ್ನ ಕಣ್ಣಾಣೆಗೂ ಇಲ್ಲ."

"ನಿಮಗಮ್ಮಾ?"

"ನಂಗೂ ಕಾಣ್ಲಿಲ್ಲ ಸರ್," ಎಂದಳು ಸಹಪೈಲಟ್, ಕ್ಯಾಪ್ಟನ್ನರ ಮುಖ ನೋಡುತ್ತ.

ಅಧಿಕಾರಿ ಇಬ್ಬರ ಲೈಸೆನ್ಸನ್ನೂ ಕೇಳಿ ಪಡೆದು ಮೇಜಿನ ಖಾನೆಯೊಳಗಿಟ್ಟರು. ಆಮೇಲೆ ಫೋನ್ ಎತ್ತಿದರು.

"ಕಣ್ಣಿನ ಡಾಕ್ಟರಾ? ಇಬ್ಬರು ಪೈಲಟ್‌ಗಳನ್ನ ಕಳಿಸ್ತಿದ್ದೀನಿ. ಹಿಂದೆ ಕೂತಿದ್ದ ಪ್ರಯಾಣಿಕರೆಲ್ಲ ನೋಡಿ ವಿಡಿಯೊ ಮಾಡ್ಕೊಂಡಿರೋ ಬೆಳಕು, ಮುಂದೆ ಕೂತಿದ್ದ ಇವರಿಗೆ ಮಾತ್ರ ಕಾಣಲೇ ಇಲ್ವಂತೆ."