ಮೆಣಸಿನಕಾಯಿಯವರ ಮನೆಯ ಬೀಗ

ಊರಿನ ಬೀಗಗಳೆಲ್ಲ ಒತ್ತಿದ ಹೆಬ್ಬೆರಳಿನಲ್ಲಿ ತಂದೆಯ ವಂಶ ಗುರುತಿಸಿಯೇ ತೆರೆಯುತ್ತಿದ್ದವು. ಅಂಥದ್ದರಲ್ಲಿ ಮೆಣಸಿನಕಾಯಿಯವರ ಮನೆಯ ಬೀಗ, ಬುಟ್ಟಿ ಮರಳಿ ಕೊಡಲು ಬಂದ ನೆರೆಮನೆಯ ಈರಪ್ಪ ಉಳ್ಳಾಗಡ್ಡಿಯ ಬೆರಳಿಗೆ ತೆರೆದುಕೊಂಡಿತು.

ಅದೇ ಹೊತ್ತಿಗೆ ಮನೆಗೆ ಬಂದ ಗುರುಸಿದ್ದಪ್ಪ ಮೆಣಸಿನಕಾಯಿ ಹರಿಹಾಯ್ದ. "ನಮ್ಮಪ್ಪನ ರಕ್ತ ನಿನ್ನ ಮೈಯಾಗ ಹ್ಯಾಂಗ ಬಂತಲೇ? ಹೋಗಿ ನಿಮ್ಮವ್ವನ್ನ ಕೇಳು!"

"ಇಬ್ಬರಿಗೂ ಹಿಂದ ಒಬ್ಬನೇ ಮುತ್ಯಾ ಇದ್ದಿರಬೇಕು," ಎನ್ನುತ್ತ ಈರಪ್ಪ ಬಾಗಿಲೆಳೆದು ಮುಚ್ಚಿದ. "ಈಗ ನೀ ಒತ್ತು, ನೋಡೂಣು."

ಗುರುಸಿದ್ದಪ್ಪ ಎಂದೂ ಬೀಗ ಮುಟ್ಟಿದವನಲ್ಲ. ಅವನ ಸಪ್ಪಳ ಕೇಳಿದರೆ ಸಾಕು, ಕಾಲಿಗೆ ನೀರು ಕೊಡಲು ಅವ್ವನೇ ಒಳಗಿನಿಂದ ತೆರೆಯುತ್ತಿದ್ದಳು.

ಅವನು ನಗುತ್ತ ಹೆಬ್ಬೆರಳು ಚಾಚಿದ. ಅದು ತಾಗುವ ಮೊದಲೇ ಬಾಗಿಲು ತೆರೆಯಿತು. ಹಿತ್ತಲಿನಿಂದ ಓಡಿಬಂದ ಅವ್ವ ಏದುಸಿರು ಬಿಡುತ್ತ ನಿಂತಿದ್ದಳು.

ನೀರಿನ ಚೆಂಬು ತರಲು ಮರೆತಿದ್ದಳು.